ಕೌದಿ ಮುಗಿಯುವ ತನಕದ ಕಾದಂಬರಿ

ಮುಂಗಾರಿನ ಮಿರಗದ ಮಳೆ ಬೀಳುವ ಮುಂಚೆ ಕೌದಿ ಹೊಲಿದು ಮುಗಿಸಬೇಕು. ಶಹಾಪುರದ ಆ ಓಣಿಯಲ್ಲಿ ಇದು ಯಾರೂ ಬರೆಯದ, ಯಾರೂ ಮೀರದ ಕಾಯಿದೆ. ಬೇಸಿಗೆಯ ಕೊನೆಗೆ ಹಳೇ ಸೀರೆ, ಲುಂಗಿ, ದುಪ್ಪಟ್ಟಾ ಎಲ್ಲ ಪೆಟ್ಟಿಗೆಯಿಂದ ಹೊರಗೆ ಬಂದು ಹೊದಿಕೆಯ ಪದರಗಳಾಗುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ಹೆಂಗಸರು ಹುಸೇನಬೀಯ ಪಡಸಾಲೆಯಲ್ಲಿ ಸುತ್ತ ಕೂತು ಸೂಜಿ ಹಿಡಿಯುತ್ತಾರೆ. ಹುಸೇನಬೀಯ ಮಗಳು ನುಜ್ಹತ ಮಾತ್ರ ಸೂಜಿ ಮುಟ್ಟುವುದಿಲ್ಲ. ಆಕೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕಾದಂಬರಿ ಓದುತ್ತಾಳೆ. ಆಕೆ ಹೈಸ್ಕೂಲಿನಲ್ಲಿದ್ದಾಗಿನಿಂದಲೂ ನಡೆದು ಬಂದ ಪದ್ಧತಿ. ಹೋದ ವರ್ಷ ಸುರಪುರಕ್ಕೆ ಲಗ್ನವಾಗಿ ಹೋಗಿ, ಈ ಬೇಸಿಗೆಗೆ ತವರಿಗೆ ಬಂದವಳನ್ನು ಪಕ್ಕದ ಮನೆಯ ಬಸ್ಸಮ್ಮ ಬಾಗಿಲಲ್ಲೇ ಹಿಡಿದು ಕೇಳಿದ್ದಳು: "ಈ ಸಲ ಯಾವ ಕತಿ ಓದ್ತೀಯವಾ?"

ಈ ಸಲದ ಕೌದಿ ನುಜ್ಹತಳಿಗೇ. ಹೊಲಿಗೆ ಮುಗಿದ ದಿನ ಗಂಡ ಮುಷರಫ ಬಂದು ಕೌದಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗುವುದೆಂದು ಅಪ್ಪ ಮನ್ಸೂರಅಲಿ ಮಾತಾಡಿಟ್ಟಿದ್ದ. ನುಜ್ಹತಳಿಗೆ ಹೋಗುವುದು ಬೇಡವಾಗಿತ್ತು. ಮುಷರಫ ಕೈ ಎತ್ತುತ್ತಿದ್ದ. ತವರಿನಲ್ಲಿ ಆಕೆ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೇಳಬೇಕೆಂದು ಅಮ್ಮನ ಹತ್ತಿರ ಹೋದಾಗಲೆಲ್ಲ ಅಮ್ಮ, "ನಮ್ಮ ಅಳಿಯ ಅಂದ್ರ ಬಂಗಾರ ನೋಡ್ರಿ" ಎಂದು ಯಾರಿಗೋ ಹೇಳುತ್ತಾ ಕೂತಿರುತ್ತಿದ್ದಳು.

ಅದಕ್ಕೇ ಹುಡುಗಿ ಒಂದು ಹಂಚಿಕೆ ಹಾಕಿದಳು. ಬಸ್ಸಮ್ಮನ ಮಗಳು ಸುಮಲತಾಳ ಕಪಾಟಿನಿಂದ ಎಲ್ಲಕ್ಕಿಂತ ದಪ್ಪನೆಯ ಕಾದಂಬರಿ ಎತ್ತಿಕೊಂಡು ಬಂದಳು. ಕತೆ ಉದ್ದವಾದಷ್ಟೂ ಹೊಲಿಗೆ ಎಳೆಯುತ್ತದೆ, ಅಷ್ಟರಲ್ಲಿ ಮಳೆ ಹಿಡಿದುಕೊಂಡು ಕೌದಿ ಅರ್ಧಕ್ಕೇ ನಿಲ್ಲುತ್ತದೆ, ಆಮೇಲಿನದು ಆಮೇಲೆ. ಏನು ಹೇಳೋಣ ಈಕೆಯ ಬುದ್ಧಿಗೆ! ಸೂಜಿ ಹಿಡಿಯದವಳು ಮಾತ್ರ ಮಾಡುವ ತಪ್ಪು ಅದು. ಕತೆ ಸಪ್ಪೆಯಾಗಿದ್ದರೆ ಹೆಂಗಸರು ಆಕಳಿಸುತ್ತಾರೆ, ಸೂಜಿ ಬಿಟ್ಟು ಊರ ಸುದ್ದಿ ತೆಗೆಯುತ್ತಾರೆ, ಚಹಾ ಕೇಳುತ್ತಾರೆ. ಕತೆಗೆ ರಂಗೇರಿತೋ, ಬಾಯಿ ಮುಚ್ಚಿ ಕೈ ಓಡಿಸುತ್ತಾರೆ. ಕಾದಂಬರಿ ದಪ್ಪಗಿತ್ತು ನಿಜ, ಆದರೆ ಅದರಲ್ಲಿ ಒಬ್ಬ ಒಳ್ಳೆಯ ಮಾಸ್ತರನೂ ಅವನ ಹೆಂಡತಿಯೂ ಇದ್ದರು, ಕಾಣೆಯಾದ ಮೈದುನನಿದ್ದ, ಕೋರ್ಟಿತ್ತು, ಯಾರದೋ ಕೈಗೆ ಸಿಕ್ಕ ಫೋಟೊ ಇತ್ತು. ಆಚೆ ಓಣಿಯ ಖಾಜಾಬೀ ಕೂಡ ಸೂಜಿ ತಂದು ಒಂದು ಮೂಲೆ ಹಿಡಿದಳು. ನಾಲ್ಕೂ ಅಂಚಿನಿಂದ ಹೊಲಿಗೆ ನಡುವಿಗೆ ದಬದಬ ಓಡಿಬಂತು.

ನುಜ್ಹತಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಓದುತ್ತಾ ಓದುತ್ತಾ ಕಣ್ಣು ಕೌದಿಯ ಮೇಲೆ ಹೋಗಿ ಸಾಲು ತಪ್ಪುತ್ತಿತ್ತು. ಒಂದು ದಿನ ಬೇಕೆಂದೇ ಕತೆ ಬಿಟ್ಟು, ಹಿಂದಿನ ಅಧ್ಯಾಯದ ಗುಡ್ಡದ ವರ್ಣನೆಯನ್ನೇ ಮತ್ತೆ ಮತ್ತೆ ಓದಿದಳು.

"ಗುಡ್ಡ ಸಾಕ ಬಿಡವಾ, ಗುಡ್ಡ ನಮ್ಮ ಊರಾಗೂ ಐತಿ" ಎಂದಳು ಬಸ್ಸಮ್ಮ. "ಆ ಮಾಸ್ತರನ ಹೇಂತಿ ಏನಾದ್ಳು, ಅದನ್ನ ಓದು."

ಎಲ್ಲರೂ ನಕ್ಕರು. ಓದದೆ ವಿಧಿಯಿರಲಿಲ್ಲ.

ಕೊನೆಗೂ ಆ ದಿನ ಬಂತು. ಕೌದಿಯ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ಮನ್ಸೂರಅಲಿ ಬೆಳಿಗ್ಗೆಯೇ ಅಳಿಯನಿಗೆ ಫೋನು ಮಾಡಿ ಮಾರ್ಕೆಟ್ಟಿಗೆ ಹೋಗಿದ್ದ. ಸೆಖೆ ಕುದಿಯುತ್ತಿತ್ತು. ನುಜ್ಹತ ಪುಸ್ತಕ ತೆರೆದಳು. ಅದರಲ್ಲಿ ಮಾಸ್ತರನೂ ಅವನ ಹೆಂಡತಿಯೂ ನಗುನಗುತ್ತಾ ರೈಲು ಹತ್ತುತ್ತಿದ್ದರು. ನುಜ್ಹತಳಿಗೆ ಆ ನಗುವನ್ನು ಓದಲಾಗಲಿಲ್ಲ. ಕಣ್ಣು ಹಾಳೆಯ ಮೇಲೇ ಇಟ್ಟು, ಅಲ್ಲಿ ಇಲ್ಲದ್ದನ್ನು ಹೇಳತೊಡಗಿದಳು: "ಆಕೆಯ ಗಂಡ ಬಾಗಿಲು ಹಾಕಿ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆತ. ತವರಿಗೆ ಫೋನು ಮಾಡಿದರೆ ಹೊಡೆತ."

ಸೂಜಿಗಳು ನಿಂತವು.

"ಯಾರು, ಆ ಮಾಸ್ತರ?" ಎಂದಳು ಖಾಜಾಬೀ. "ತೌಬಾ! ಅಂವ ಛಲೋ ಮನಷ್ಯಾ ಇದ್ನಲ್ಲ!"

"ಮಂದಿ ಮುಂದ ಛಲೋನ ಇದ್ದ" ಎಂದಳು ನುಜ್ಹತ.

ಹುಸೇನಬೀಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಆ ಮಾಸ್ತರನನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವಳು ಅವಳೇ. "ಅವನ ಕೈ ಸೇದಿಹೋಗಲಿ! ಅಲ್ಲಾ, ಆ ಹುಡುಗಿ ತಾಯಿ ಎಲ್ಲಿ ಸತ್ತಾಳ? ಮಗಳ ಮಾರಿ ನೋಡಿದ್ರ ತಿಳಿಯಾಂಗಿಲ್ಲೇನು ಆಕೀಗಿ?"

"ಸತ್ತಿಲ್ಲಮ್ಮಾ, ತಾಯಿ ಅದಾಳ" ಎಂದಳು ನುಜ್ಹತ. "ಕೌದಿ ಹೊಲಿಯಾಕತ್ತಾಳ."

ಬಸ್ಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಸೇನಬೀ ಮಗಳನ್ನೇ ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಮಗಳನ್ನು ನೋಡಿದಳು. ಮಂಡಿಯೂರಿ ಕೌದಿಯ ಮೇಲೇ ಸರಿದು ಬಂದು, "ಎಲ್ಲಿ ಹೊಡದಾನ?" ಎಂದಳು. ನುಜ್ಹತ ದುಪ್ಪಟ್ಟಾ ಸರಿಸಿದಳು. ಕತ್ತಿನ ಕೆಳಗೆ, ಬೆನ್ನು ಶುರುವಾಗುವಲ್ಲಿ, ಸುಟ್ಟ ಕಲೆ ಇತ್ತು. ಹುಸೇನಬೀ ಅದನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು. "ಮನ್ಯಾಗ ಇಟಗೊಂಡು ನೋಡ್ಲಿಲ್ಲಲ್ಲೇ ನಾನು" ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ನುಜ್ಹತಳಿಗೂ ತಡೆಯಲಾಗಲಿಲ್ಲ.

ಹೊರಗೆ ಮೋಟರ್ ಸೈಕಲ್ ನಿಂತ ಸದ್ದಾಯಿತು. ಮುಷರಫ ನಗುತ್ತಾ ಒಳಗೆ ಬಂದು ಸಲಾಮು ಹೇಳಿದ. ಹೆಂಗಸರು ಯಾರೂ ಏಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಅವನು ಒಬ್ಬೊಬ್ಬರ ಮುಖ ನೋಡಿ, "ಮಾಮು ಫೋನ್ ಮಾಡಿದ್ರು, ಆಕೀನ ಕರ್ಕೊಂಡು ಹೋಗು ಅಂತ" ಎಂದ.

ಹುಸೇನಬೀ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅಳಿಯನ ಜೊತೆ ಯಾವಾಗಲೂ ದಖನಿ ಉರ್ದುವಿನಲ್ಲೇ ಮಾತಾಡುವವಳು ಆ ದಿನ ಬಸ್ಸಮ್ಮನಿಗೂ ಓಣಿಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದಳು.

"ಅವ್ರಿಗಿ ಇನ್ನಾ ಏನೂ ಗೊತ್ತಿಲ್ಲ. ಸಂಜಿಗಿ ನಾ ಹೇಳ್ತೀನಿ. ನೀವು ಕುಂದ್ರರಿ ಮುಷರಫಮಿಯಾ, ಚಾ ಮಾಡ್ತೀನಿ. ಕುಡೀರಿ. ಕುಡದು, ಒಬ್ಬರೇ ಹೋಗ್ರಿ."