ಮೂರನೆಯ ಡಿಸ್ಕು

‘ಮೂರನೆಯ ಡಿಸ್ಕು ಹಾಕಿ, ಯಾವುದಾದರೂ ಕೀಲಿ ಒತ್ತಿ’ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಬೆಳಗಿನಿಂದ ಇದು ಆರನೆಯ ಸಲ. ದಿಲೀಪ ಯಾವುದೋ ಕೀಲಿ ಒತ್ತಿದ. ಅದು ಅಷ್ಟೇ ವಿನಯದಿಂದ ಮತ್ತೆ ಅದನ್ನೇ ಕೇಳಿತು. ಈ ಮನೆಯಲ್ಲಿ ತನ್ನೊಡನೆ ವಿನಯದಿಂದ ಮಾತಾಡುವುದು ಇದೊಂದೇ ಎನಿಸಿತು ಅವನಿಗೆ.

ಅವನ ಹೆಂಡತಿ ಶ್ವೇತ ಅಡುಗೆಮನೆಯಿಂದ, ಸೊಪ್ಪು ಬಿಡಿಸಿಕೊಡುತ್ತೀರೋ ಇಲ್ಲವೋ ಎಂದು ಕೇಳಿದಳು. ಅವಳೂ ಬೆಳಗಿನಿಂದ ಅದನ್ನೇ ಕೇಳುತ್ತಿದ್ದಳು. ಅದರಲ್ಲಿ ವಿನಯವಿರಲಿಲ್ಲ.

ದಿಲೀಪನಿಗೆ ನಲವತ್ತಾರು. ಪಾಂಡವಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ. ಭಾನುವಾರಗಳಂದು, ವಿಂಡೋಸ್ ಬರುವ ಮುಂಚಿನ ಡಾಸ್ ಕಾಲದ ಆಟಗಳನ್ನು ಹಳೆಯ ಫ್ಲಾಪಿಗಳಿಂದ ಎತ್ತಿ ಉಳಿಸುತ್ತಾನೆ. ಫ್ಲಾಪಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ, ಅದರ ತಪ್ಪುಗಳನ್ನೂ ಬಿಡದೆ, ಒಂದೇ ಫೈಲಿಗೆ ಇಳಿಸಬೇಕು. ಅದಕ್ಕೆ ಡಿಸ್ಕ್ ಇಮೇಜು ಎನ್ನುತ್ತಾರೆ. ಆಮೇಲೆ ಎಮ್ಯುಲೇಟರ್ ಎಂಬುದೊಂದು ಹೊಸ ಕಂಪ್ಯೂಟರಿಗೆ ಮೂವತ್ತು ವರ್ಷ ಹಿಂದಿನದರ ವೇಷ ಹಾಕಿಸಿ, ಬೇಕೆಂದೇ ನಿಧಾನ ಮಾಡಿ, ಫ್ಲಾಪಿ ಹಾಕಿದ್ದಾರೆಂದು ನಂಬಿಸುತ್ತದೆ. ಈ ನಿಧಾನ ಮಾಡುವ ಕೆಲಸ ಅವನಿಗೆ ಬಹಳ ಇಷ್ಟ. ಇನ್ನೂರ ಹನ್ನೊಂದು ಆಟಗಳನ್ನು ಹೀಗೆ ಉಳಿಸಿದ್ದ. ಉಳಿಸು ಎಂದು ಯಾರೂ ಕೇಳಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಇನ್ನೂರ ಹನ್ನೆರಡನೆಯದು. ಗುಹೆಯೊಳಗೆ ವಜ್ರ ಆಯುವ ಆಟ, ಮೂರು ಫ್ಲಾಪಿಯದು. ಪಿಯುಸಿ ಓದುವಾಗ ಕೆ.ಆರ್. ಪೇಟೆಯಲ್ಲಿ ಹೊನ್ನಪ್ಪ ಮೇಷ್ಟ್ರ ಕಂಪ್ಯೂಟರ್ ಸೆಂಟರಿನಲ್ಲಿ ಆಡಿದ್ದು. ಸೆಂಟರು ಮುಚ್ಚಿದಾಗ ಮೊದಲೆರಡು ಫ್ಲಾಪಿ ಇವನ ಪಾಲಿಗೆ ಬಂದವು. ಮೂರನೆಯದು ಮೇಷ್ಟ್ರ ಬಳಿಯೇ ಉಳಿಯಿತು. ಆಡಿದವರ ಹೆಸರು, ಅಂಕ ಎಲ್ಲ ಆಟ ಬರೆದುಕೊಳ್ಳುತ್ತಿದ್ದದ್ದು ಮೂರನೆಯದರಲ್ಲಿ. ಅದರಲ್ಲಿ ಮೊದಲನೆಯ ಸಾಲು ದಿಲೀಪನದು. ಎಂಬತ್ತನಾಲ್ಕು ಸಾವಿರದ ಆರುನೂರು.

ಹಾಗೆಂದು ಕಳೆದ ಶುಕ್ರವಾರದವರೆಗೆ ಅವನು ನಂಬಿದ್ದ.

ಶುಕ್ರವಾರ ಕಾಲೇಜಿನ ಗುಮಾಸ್ತರೊಬ್ಬರ ಬೀಳ್ಕೊಡುಗೆ. ಅದೇ ಸೆಂಟರಿನಲ್ಲಿ ಜೊತೆಗೆ ಕಲಿತ ನಾಗರಾಜು ಮೈಕು ಹಿಡಿದು ಹಳೆಯ ದಿನಗಳಿಗೆ ಹೋದ. ನಾಗರಾಜು ಎಲ್ಲದರಲ್ಲೂ ಮೊದಲು. ಪಿಯುಸಿಯಲ್ಲಿ ಮೊದಲು. ಕಾಲೇಜಿಗೆ ಹನ್ನೊಂದು ದಿನ ಮೊದಲು ಸೇರಿದ್ದರಿಂದ ಈಗ ವಿಭಾಗದ ಮುಖ್ಯಸ್ಥ. ಕೂದಲು ಉದುರುವುದರಲ್ಲೂ ಅವನೇ ಮೊದಲು. ಅದೊಂದರಲ್ಲಿ ದಿಲೀಪ ಈಗ ಹತ್ತಿರ ಬಂದಿದ್ದಾನೆ. ಆ ನಾಗರಾಜು, ವಜ್ರದ ಆಟದಲ್ಲೂ ಎಂಬತ್ತನಾಲ್ಕು ಸಾವಿರದ ಆರುನೂರು ಹೊಡೆದು ಮೊದಲನೆಯವನಾಗಿದ್ದು ತಾನೇ ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ದಿಲೀಪ ಒಂದು ಚಪ್ಪಾಳೆ ಹೆಚ್ಚಾಗಿಯೇ ತಟ್ಟಿದ.

ತಟ್ಟಿದ ಮೇಲೆ ಅನುಮಾನ ಶುರುವಾಯಿತು. ನಾಗರಾಜು ಸುಳ್ಳು ಹೇಳುವವನಲ್ಲ. ಅದರಲ್ಲೂ ಅವನು ಮುಂದು. ಅಂಕವನ್ನಂತೂ ಸರಿಯಾಗಿ ಹೇಳಿದ್ದ. ಹಾಗಾದರೆ ಮೂವತ್ತು ವರ್ಷ ತಾನು ಇನ್ನೊಬ್ಬನ ನೆನಪನ್ನು ಜೋಪಾನ ಮಾಡಿಕೊಂಡು ಬಂದೆನೇ? ದಿಲೀಪನಿಗೆ ನಿಜಕ್ಕೂ ಹೆದರಿಕೆಯಾಯಿತು.

ಈಗ ಪರದೆಯ ಮುಂದಿನಿಂದ ಎದ್ದು, ಹೊನ್ನಪ್ಪ ಮೇಷ್ಟ್ರಿಗೆ ಫೋನು ಮಾಡಿ ಮೂರನೆಯ ಫ್ಲಾಪಿ ಇದೆಯೇ ಎಂದು ಕೇಳಿದ. ಫ್ಲಾಪಿಗಳ ಡಬ್ಬ ಇದೆ, ಬಂದು ತೆಗೆದುಕೊಂಡು ಹೋಗು ಎಂದರು. ಶ್ವೇತಳಿಗೆ, ಬಂದು ಸೊಪ್ಪು ಬಿಡಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ. ಅವಳು ಆಗಲೇ ಬಿಡಿಸಿ ಮುಗಿಸಿದ್ದಳು.

ಮೇಷ್ಟ್ರು ಈಗ ಸಂತೆಬಾಚಹಳ್ಳಿಯಲ್ಲಿ ಹಿಂಡಿ, ಬೂಸಾ ಮಾರುತ್ತಾರೆ. ಅಂಗಡಿಯ ಹಿಂದೆಯೇ ಮನೆ. “ಬಾ ಕಣ್ಲಾ ದಿಲೀಪ” ಎಂದು ಒಳಗೆ ಕರೆದು ಬಿಸ್ಕತ್ತಿನ ಡಬ್ಬವನ್ನು ಅವನ ಮುಂದಿಟ್ಟರು. ಮೇಲೆಯೇ ಇತ್ತು ಆ ಫ್ಲಾಪಿ. ಮೇಷ್ಟ್ರ ಕೈಬರಹದಲ್ಲಿ ಮೂರು ಎಂದು ಬರೆದಿತ್ತು. ದಿಲೀಪ ಫ್ಲಾಪಿಯ ತಗಡಿನ ಬಾಗಿಲನ್ನು ಬೆರಳಿನಿಂದ ಸರಿಸಿ ನೋಡಿದ. ಆಚೆ ಕಡೆಯ ಬೂಸಾ ಮೂಟೆ ಕಂಡಿತು.

ಫ್ಲಾಪಿಯ ಒಳಗೆ ಏನೂ ಇರಲಿಲ್ಲ.

ಮೇಷ್ಟ್ರ ಹೆಂಡತಿ ಪುಟ್ಟತಾಯಮ್ಮ ಮಜ್ಜಿಗೆ ತಂದವರು ಅವನ ಮುಖ ನೋಡಿ ಡಬ್ಬದ ಕಡೆ ನೋಡಿದರು.

“ಅದ್ರೊಳಗಿನ ಕರೀ ರೀಲ್ನ ನಾನೇ ತಗ್ದೆ ಕಣಪ್ಪ. ಗ್ರಾಣ ನೋಡಕೆ.”

ಕೊರೊನಾ ಬರುವ ಮುಂಚಿನ ಡಿಸೆಂಬರಿನಲ್ಲಿ ದೊಡ್ಡ ಸೂರ್ಯಗ್ರಹಣ ಆಗಿತ್ತಲ್ಲ, ಆಗ. ಇಡೀ ಬೀದಿಯಲ್ಲಿ ಎಕ್ಸ್‌ರೇ ಇದ್ದದ್ದು ಒಂದೇ ಮನೆಯಲ್ಲಂತೆ, ಅವರು ಯಾರಿಗೂ ಕೊಡುತ್ತಿರಲಿಲ್ಲವಂತೆ. ಪುಟ್ಟತಾಯಮ್ಮ ದೇವರ ಗೂಡಿಗೆ ಕೈ ಹಾಕಿ, ಪಂಚಾಂಗದ ನಡುವಿನಿಂದ ಆ ರೀಲನ್ನು ತೆಗೆದು ಕೊಟ್ಟರು. ಕಂದು ಬಣ್ಣದ ಅರ್ಧ ವೃತ್ತ.

“ಇದು ಅರ್ಧ ಐತಲ್ಲಮ್ಮ.”

“ಪಕ್ಕದ್ಮನೆ ಅಣ್ಣಮ್ಮನೂ ಬಂದಿದ್ಲು. ಒಬ್ರು ನೋಡ್ತಾ ಇನ್ನೊಬ್ರು ಕಾಯ್ಕಂಡು ಕೂರದ್ಯಾಕೆ ಅಂತ ಕತ್ರೀಲಿ ಎರಡು ಮಾಡ್ದೆ. ಗ್ರಾಣ ಬುಟ್ಮೇಲೆ ಅರಿಸಿನದ ನೀರಲ್ಲಿ ಚೆನ್ನಾಗಿ ತೊಳ್ದು ಮಡಗಿವ್ನಿ. ಮೈಲಿಗೆ ಏನಿಲ್ಲ ಬುಡು.”

ದಿಲೀಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಅವರಿಗೆ ಪಾಪ ಅನಿಸಿರಬೇಕು.

“ಯಾರ್ದಾದ್ರೂ ಫೋಟೋ ಇತ್ತಾ ಅದ್ರಲ್ಲಿ?”

“ಇಲ್ಲ. ಒಂದು ಹೆಸ್ರಿತ್ತು.”

“ಯಾರ್ದು?”

“ಅದನ್ನೇ ನೋಡ್ಬೇಕಿತ್ತು.”

ಉಳಿದರ್ಧ ಎಲ್ಲಿ ಎಂದು ಅವನು ಕೇಳಿದ. ಅಣ್ಣಮ್ಮ ಮಗಳ ಮನೆಗೆಂದು ಹೊಸಹೊಳಲಿಗೆ ಹೋದವಳು ಜೊತೆಗೇ ಒಯ್ದಿದ್ದಾಳಂತೆ. ಅದು ಸಿಕ್ಕಿದರೂ ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಿತ್ತು. ಕತ್ತರಿಸಿ ತೊಳೆದದ್ದನ್ನು ಓದುವ ಯಂತ್ರವನ್ನು ಯಾರೂ ಮಾಡಿಲ್ಲ. ಆದರೂ ಹೊಸಹೊಳಲು ಎಂದು ಮನಸ್ಸಿನಲ್ಲೇ ಬರೆದುಕೊಂಡ.

ಹೊರಡುವಾಗ ಕೊನೆಗೂ ಮೇಷ್ಟ್ರನ್ನೇ ಕೇಳಿಬಿಟ್ಟ. “ವಜ್ರದ ಆಟದಲ್ಲಿ ಫಸ್ಟು ಇದ್ದದ್ದು ಯಾರು ಸಾ? ನಾನಾ, ನಾಗರಾಜನಾ?”

ಹೊನ್ನಪ್ಪ ಮೇಷ್ಟ್ರು ಹಿಂಡಿ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

“ಯಾರೋ ಇದ್ರು ಕಣ್ಲಾ. ಯಾವಾಗ್ಲೂ ಯಾರಾದ್ರೂ ಇದ್ದೇ ಇರ್ತಾರೆ.”

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಮೇಷ್ಟ್ರು ಹಿಂದಿನಿಂದಲೂ ನಿಸ್ಸೀಮರು.

ಬಸ್ ಸ್ಟಾಪಿನಲ್ಲಿ ಎಂಟು ಹತ್ತು ಜನ ಇದ್ದರು. ಎರಡು ಗಂಟೆಯ ಬಿಸಿಲು. ದಿಲೀಪ ಜೇಬಿನಿಂದ ಅರ್ಧ ವೃತ್ತವನ್ನು ತೆಗೆದ. ಹೀಗೆ ನೋಡಿದರೆ ಕಣ್ಣು ಹಾಳಾಗುತ್ತದೆಂದು ತಾನೇ ತರಗತಿಯಲ್ಲಿ ಹೇಳಿದ್ದು ನೆನಪಾಯಿತು. ಎತ್ತಿ ಹಿಡಿದು ನೋಡಿದ. ಸೂರ್ಯ ಸಣ್ಣಗೆ, ಕಂದಾಗಿ, ಗುಂಡಗಿದ್ದ. ಎಲ್ಲೂ ಏನೂ ಬರೆದಿರಲಿಲ್ಲ.

“ಗ್ರಾಣ ಐತಾ ಸಾ?” ಪಕ್ಕದಲ್ಲಿ ಹುಂಜ ಹಿಡಿದು ನಿಂತಿದ್ದವನು ಕೇಳಿದ.

“ಇಲ್ಲ.”

“ಮತ್ತೆ ಏನ್ ನೋಡ್ತಾ ಇದ್ರಿ?”

ಹುಂಜದವನು ಕೈ ಚಾಚಿದ; ದಿಲೀಪ ಕೊಟ್ಟ. ಅವನು ನೋಡುವುದನ್ನು ನೋಡಿ ಇಬ್ಬರು ಹಿಂದೆ ಬಂದು ನಿಂತರು. ಅವರನ್ನು ನೋಡಿ ನಾಲ್ವರು ಬಂದರು. ಒಬ್ಬ ಮುದುಕಿ ಬಸುರಿ ಸೊಸೆಯನ್ನು ನೆರಳಿಗೆ ಎಳೆದುಕೊಂಡು ಸೆರಗು ಹೊದಿಸಿದಳು. ಟೀ ಅಂಗಡಿಯವನು ಯಾವುದಕ್ಕೂ ಇರಲಿ ಎಂದು ಹಾಲಿನ ಪಾತ್ರೆಗೆ ಗರಿಕೆ ಹಾಕಿ ಬಂದು ಸಾಲಿನಲ್ಲಿ ನಿಂತ. ನೋಡಿದವರೆಲ್ಲ ‘ಪೂರ್ತಿ ಐತೆ’ ಎಂದು ಬೇಸರದಿಂದ ಹೇಳಿ ಮುಂದಿನವರಿಗೆ ಕೊಡುತ್ತಿದ್ದರು. ಆದರೂ ಸಾಲು ಕರಗಲಿಲ್ಲ. ಗ್ರಹಣವಿಲ್ಲ ಎಂದು ದಿಲೀಪ ಎರಡು ಸಲ ಹೇಳಿದ. ಸುಮ್ನೆ ಸಾಲಲ್ಲಿ ಬನ್ನಿ ಸಾ, ಎಲ್ರಿಗೂ ಸಿಕ್ತದೆ ಎಂದು ಯಾರೋ ಸಮಾಧಾನ ಹೇಳಿದರು.

ಕೆ.ಆರ್. ಪೇಟೆಯ ಬಸ್ಸು ಬಂತು. ಯಾರೂ ಹತ್ತಲಿಲ್ಲ. ಇಳಿದ ನಾಲ್ವರೂ ಸಾಲಿಗೆ ಸೇರಿದರು. ಡ್ರೈವರು ಎಂಜಿನ್ ನಿಲ್ಲಿಸಿ ಇಳಿದು ಬಂದು ನಿಂತ. ದಿಲೀಪ ಅವನ ಹಿಂದೆ ನಿಂತ.

ಡ್ರೈವರು ತಿರುಗಿ, ಮುಂದೆ ಏನು ತೋರಿಸ್ತಾವ್ರೆ ಎಂದು ಕೇಳಿದ.

ಗೊತ್ತಿಲ್ಲ, ನಾನೂ ಈಗ ಬಂದೆ ಎಂದ ದಿಲೀಪ. ಎಣಿಸಿ ನೋಡಿದ. ಹದಿನಾಲ್ಕನೆಯವನಾಗಿದ್ದ.