ಒಂದೇ ಏಟಿನ ತಾಳ

ಹಾರ, ಶಾಲು ಇಲ್ಲದೆ ಸಭೆಗೆ ಹೋಗುವುದು ನಮ್ಮ ಮನೆತನದಲ್ಲೇ ಇಲ್ಲ. ಟಿ. ದಾಸರಹಳ್ಳಿಯಲ್ಲಿ ಭದ್ರಮ್ಮ ಎಂದರೆ ಹೇಗೆ ಅಂತ ಯಾರನ್ನಾದರೂ ಕೇಳಿ. ನಮ್ಮ ವಠಾರದ ಬಾಡಿಗೆಯವರ ಹುಡುಗಿ ಶೈಲಶ್ರೀ ಜಾಲಹಳ್ಳಿಯ ಸಭಾಂಗಣದಲ್ಲಿ ಮಕ್ಕಳ ಆರ್ಕೆಸ್ಟ್ರಾ ಜೊತೆ ಸಿಂಫನಿ ನುಡಿಸುತ್ತಾಳೆ ಎಂದಾಗಲೂ ಅಷ್ಟೇ, ಸುಗಂಧರಾಜದ ಹಾರ, ಒಂದು ಶಾಲು ಹಿಡಿದೇ ಹೊರಟೆ.

ಅವಳಿಗೆ ಕೊಟ್ಟಿದ್ದು ಸಿಂಬಲ್, ಅಂದರೆ ಊಟದ ತಟ್ಟೆಗಿಂತ ದೊಡ್ಡದಾದ ಎರಡು ಕಂಚಿನ ತಾಳ. ಅವಳಪ್ಪ ಕಾಡಪ್ಪ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವನು, ಶನಿವಾರ ವಠಾರದ ಭಜನೆಗೆ ತಾಳ ಹಾಕುವವನು. ಮಗಳು ಭಾನುವಾರವೆಲ್ಲ ಪ್ರಾಕ್ಟೀಸು ಅಂತ ಹೋಗುವುದು ಅವನಿಗೆ ಸರಿಬರುತ್ತಿರಲಿಲ್ಲ.

"ಇವತ್ತ ನೋಡ್ತೀನ್ರಿ ಅಮ್ಮಾರ. ಮನಸ್ಸಿಗೆ ಬಂದ್ರ ಮುಂದುವರಸ್ಲಿ, ಇಲ್ಲಾಂದ್ರ ಇವತ್ತಿಗೇ ಸಾಕು," ಎಂದಿದ್ದ.

ಪಾಪ, ಹುಡುಗಿಗೆ ಮಧ್ಯಾಹ್ನದ ಊಟವೂ ಸೇರಿರಲಿಲ್ಲ.

ಮೊದಲು ಒಬ್ಬ ಹುಡುಗ ಯಾವುದೋ ದೇಶದ ಭಾಷೆಯಲ್ಲಿ ಹಾಡಿದ, ಹಿಂದೆ ವಾದ್ಯಗಳೆಲ್ಲ ಸೇರಿದವು. ಅರ್ಥವಾಗದಿದ್ದರೂ ಚೆನ್ನಾಗಿತ್ತು. ಆಮೇಲೆ ಸಿಂಫನಿ. ಪಿಟೀಲು ನುಡಿಯಿತು, ಕೊಳಲು ನುಡಿಯಿತು. ನಮ್ಮ ಹುಡುಗಿ ಮಾತ್ರ ಹಿಂದಿನ ಸಾಲಿನ ತುದಿಯಲ್ಲಿ ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಕಾಡಪ್ಪ ಹಲ್ಲು ಕಚ್ಚಿದ. "ತಾಳ ಹಿಡದಾವ್ರು ಸುಮ್ನ ಕುಂದ್ರೂದಂದ್ರ ಏನ್ರಿ? ನಮ್ಮ ಭಜನ್ಯಾಗಾಗಿದ್ರ ಎಬ್ಬಿಸಿ ಕಳಸ್ತಿದ್ವಿ. ನನ್ ಮಗಳನ್ನ ಬರೇ ಚಂದಕ್ಕ ಕೂಡ್ಸ್ಯಾರ!"

"ಒಸಿ ಸುಮ್ಕಿರಪ್ಪ," ಎಂದು ಗದರಿದೆ. ಒಳಗೊಳಗೆ ನನಗೂ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ವಾದ್ಯಗಳೆಲ್ಲ ಒಟ್ಟಿಗೆ ನಿಂತವು. ಮುಂದೆ ನಿಂತು ಕೋಲು ಆಡಿಸುತ್ತಿದ್ದ ಕೃಪಾ ಮೇಡಂ ಕೈ ಇಳಿಸಿದರು. ಮುಗಿಯಿತಲ್ಲ! ಕಾಡಪ್ಪನನ್ನು ಎಳೆದುಕೊಂಡು ವೇದಿಕೆ ಹತ್ತಿಯೇಬಿಟ್ಟೆ. ಸಭೆ ಕಿಸಕ್ಕೆಂದು ನಕ್ಕಿತು. ಮೇಡಂ ಕಕ್ಕಾಬಿಕ್ಕಿಯಾದರೂ ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡರು.

"ಅಮ್ಮಾ, ಇನ್ನೊಂದು ಭಾಗ ಇದೆ," ಎಂದು ಪಿಸುಗುಟ್ಟಿದರು. "ಅಲ್ಲೇ ಪಕ್ಕದಲ್ಲಿ ಕೂತ್ಕೊಳಿ."

ಅಯ್ಯೋ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶೈಲಶ್ರೀಯ ಪಕ್ಕ, ಪರದೆಯ ಮರೆಯಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಮೇಡಂ ಹಾರ ಹಾಕಿಕೊಂಡೇ ಕೋಲು ಎತ್ತಿದರು.

ಹತ್ತಿರದಿಂದ ನೋಡಿದರೆ ಹುಡುಗಿ ಸುಮ್ಮನೆ ಕೂತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಬೂಟಿನ ತುದಿ ನೆಲ ಮುಟ್ಟಿ ಮುಟ್ಟಿ ಎಣಿಸುತ್ತಿತ್ತು. ಅಪ್ಪನ ಕಡೆ ಒಮ್ಮೆಯೂ ತಿರುಗಲಿಲ್ಲ. ನೋಡುತ್ತ ನೋಡುತ್ತ ಕಾಡಪ್ಪನೂ ಮಂಡಿಯ ಮೇಲೆ ಬೆರಳು ಆಡಿಸತೊಡಗಿದ. ಅವಳು ಎದ್ದಳು, ತಾಳ ಎತ್ತಿದಳು. ಅವನು ಉಸಿರು ಬಿಗಿಹಿಡಿದ.

ಒಂದೇ ಏಟು! ನನ್ನ ಎದೆ ಝಲ್ಲೆಂದಿತು. ಅವಳು ಮತ್ತೆ ಕೂತಳು. ಅಷ್ಟು ಹೊತ್ತು ಕಾದದ್ದು ಅದೊಂದಕ್ಕೇ.

ಎಲ್ಲ ಮುಗಿದು ಹೊರಬಂದಾಗ ಶೈಲಶ್ರೀ ಅಪ್ಪನ ಮುಖವನ್ನೇ ನೋಡುತ್ತ ನಿಂತಳು.

"ನಾ ಆಗಿದ್ರ ಮದ್ಲ ಬಡದಬಿಡ್ತಿದ್ನವಾ," ಎಂದ ಕಾಡಪ್ಪ. ಕಣ್ಣೊರೆಸಿಕೊಂಡ. "ಬರೂ ಐತ್ವಾರ ಎಷ್ಟೊತ್ತಿಗೆ ಹೋಗಬೇಕು? ನಾನ ಬಿಟ್ಟ ಬರ್ತೀನಿ."

ಉಳಿದಿದ್ದ ಶಾಲನ್ನು ಹುಡುಗಿಗೆ ಹೊದಿಸಿದೆ. ಖುಷಿಗೆ ನನಗೂ ಅಳುವೇ ಬಂತು.

ಮುಂದಿನ ಶನಿವಾರ ಭಜನೆಯಲ್ಲಿ ಪಲ್ಲವಿ ಮುಗಿದರೂ ಕಾಡಪ್ಪನ ತಾಳ ಕೇಳಿಸಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅವನು ತಾಳವನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಹೆಂಡತಿ ದುರ್ಗವ್ವ ತಿವಿಯಲು ಕೈ ಚಾಚಿದಳು.

"ಸುಮ್ಕಿರಮ್ಮ," ಎಂದೆ. "ಎಣಿಸ್ತಾವ್ನೆ."