ಏಳರ ಬಳಿ ತಡವರಿಸಿದ ಮುಳ್ಳು

ಏಳರ ಬಳಿ ಬಂದ ಸೆಕೆಂಡಿನ ಮುಳ್ಳು ತಡವರಿಸಿತು, ಹೌದು, ತಡವರಿಸಿ, ಕಾಲೆತ್ತಿ, ಹೊಸ್ತಿಲು ದಾಟುವಂತೆ ದಾಟಿತು — ಈ ತಡವರಿಕೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ಅತ್ತೆ, ಅಪ್ಪನ ಅಕ್ಕ, ಅಪ್ಪ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ, ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಾ. ನಿಮ್ಮಪ್ಪನ ವಾಚು ಓಡ್ತಿರ್ಲಿಲ್ಲ ಕಣೋ, ಕುಂಟ್ತಿತ್ತು, ಟಿಕ್ ಟಿಕ್ ಅಂತ ಹೋಗಿ ಏಳರ ಹತ್ತಿರ ಉಸಿರು ಹಿಡಿಯೋದು, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಹೊರಡೋದು. ಊರೂರು ಅಲೆದು ಜನ ಹೇಳುವ ಕಥೆಗಳನ್ನು ಸಂಗ್ರಹಿಸುವುದು ನನ್ನ ವೃತ್ತಿ, ಹೇಳುವವರು ಎಡವಿದರೆ ಎಡವಿದ್ದನ್ನೂ ಹಾಗೆಯೇ ಉಳಿಸಿಕೊಳ್ಳಬೇಕು, ತಿದ್ದಬಾರದು, ಅದು ನನಗೆ ವ್ರತವಿದ್ದಂತೆ, ಆದರೆ ಇದು ಕಥೆಯಲ್ಲ, ವಾಚು, ಈ ಊರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಮಾರಾಟಕ್ಕಿಟ್ಟದ್ದು, ಈಗ ಅಂಗಡಿಯವರ ಅಂಗೈಯಲ್ಲಿ ಬೆನ್ನು ಬಿಚ್ಚಿಕೊಂಡು ಮಲಗಿರುವ, ಕೀಲಿ ಕೊಡುವ ಹಳೆಯ ವಾಚು, ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೇಳುತ್ತಿದ್ದಾರೆ, ಏನೂ ದೊಡ್ಡ ರೋಗ ಅಲ್ಲ ಸಾರ್, ಒಳಗೆ ಚಕ್ರದ ಒಂದು ಹಲ್ಲು ಬಾಗಿದೆ, ಚಿಮುಟದಲ್ಲಿ ನೆಟ್ಟಗೆ ಮಾಡಿದ್ರೆ ಮುಗೀತು. ಹಾಗೆಯೇ ಕೊಡಿ ಎಂದೆ. ಅದಾಗಲ್ಲ, ಕೆಟ್ಟ ವಾಚು ನನ್ನ ಅಂಗಡಿ ಮೆಟ್ಟಿಲು ಇಳಿಯಲ್ಲ, ನಮ್ಮಪ್ಪನ ಕಾಲದಿಂದ ಹಾಗೇ. ಬೆಂಚಿನ ಮೇಲೆ ತಮ್ಮ ಗಡಿಯಾರಗಳಿಗಾಗಿ ಕಾಯುತ್ತಿದ್ದವರಲ್ಲಿ ಒಬ್ಬರು ನಕ್ಕರು, ಕೆಟ್ಟದ್ದೇ ಬೇಕು ಅಂತ ಹಟ ಹಿಡಿಯೋರನ್ನ ಇವತ್ತೇ ನೋಡಿದ್ದು.

ಆದರೆ ಹಲ್ಲು ನೆಟ್ಟಗಾದರೆ ಗುರುತೇ ಹೋಯಿತಲ್ಲ, ಅತ್ತೆಯ ಕಣ್ಣು ಮಂಜಾಗಿದೆ, ಈಗ ಅವಳಿಗೆ ಉಳಿದಿರುವುದು ಕಿವಿ, ಕಿವಿಗೆ ಹಿಡಿ ಸಾಕು, ನಮ್ಮದೋ ಅಲ್ಲವೋ ನಾನು ಹೇಳ್ತೀನಿ ಎಂದು ವರ್ಷಗಳಿಂದ ಕಾದವಳು. ಕಾರ್ಖಾನೆಯಲ್ಲಿ ಅಪ್ಪನ ಜೊತೆ ಲೇತ್ ಯಂತ್ರದಲ್ಲಿ ದುಡಿಯುತ್ತಿದ್ದ ಗೆಳೆಯನೊಬ್ಬ ತನ್ನ ಮದುವೆಗೆಂದು ಅಪ್ಪನ ವಾಚನ್ನು ಕೇಳಿ ಕಟ್ಟಿಕೊಂಡು ಹೋದನಂತೆ, ಹೋದ ಪುಣ್ಯಾತ್ಮ ಮಾವನ ಮನೆಯಲ್ಲೇ ಬೇರು ಬಿಟ್ಟ, ಹೆಂಡತಿಯೂ ಸಿಕ್ಕಿದಳು, ವಾಚೂ ಸಿಕ್ಕಿತು, ನಿಮ್ಮಪ್ಪನಿಗೆ ಸಿಕ್ಕಿದ್ದು ಮದುವೆ ಊಟ ಮಾತ್ರ, ಎಂದು ಅತ್ತೆ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಅಪ್ಪ ಮತ್ತೊಂದು ವಾಚು ಕೊಳ್ಳಲೇ ಇಲ್ಲ, ಬರಿಯ ಮಣಿಕಟ್ಟನ್ನೇ ತಿರುಗಿಸಿ ನೋಡಿ ಸಮಯ ಹೇಳುತ್ತಿದ್ದ, ಅವನು ಇವತ್ತು ಬಂದೇ ಬರ್ತಾನೆ ಎಂದೂ ಹೇಳುತ್ತಿದ್ದ, ಸಮಯವಾದರೂ ಆಗಾಗ ಸರಿಯಿರುತ್ತಿತ್ತು. ಅಣ್ಣನದು ಬೇರೆಯೇ ಪಾಠ, ಲೇ, ವಾಚು ಕುದುರೆ ಹಾಗೆ ಓಡ್ತಿತ್ತು, ಕುಂಟ್ತಿದ್ದದ್ದು ಅಪ್ಪ, ಅತ್ತೆ ತಮ್ಮನ ಕಾಲನ್ನ ತೆಗೆದು ವಾಚಿಗೆ ಜೋಡಿಸಿಬಿಟ್ಟಿದಾಳೆ ಅಷ್ಟೆ. ಅದೂ ನಿಜವಿರಬಹುದು, ಕಥೆಗಳು ಹಾಗೆ ಮಾಡುತ್ತವೆ, ಒಬ್ಬರ ಊನವನ್ನು ಇನ್ನೊಬ್ಬರಿಗೆ ತೊಡಿಸುತ್ತವೆ, ನಾನೇ ಎಷ್ಟು ಸಲ ಕಂಡಿಲ್ಲ, ಆದರೆ ಈ ಮುಳ್ಳು, ಇಲ್ಲಿ, ಏಳರ ಬಳಿಯೇ — ಬಾಗಿದ ಹಲ್ಲಿನ ಚಕ್ರ ಲೋಕದಲ್ಲಿ ಇದೊಂದೇ ಏನು, ಹತ್ತು ಅಂಗಡಿಯಲ್ಲಿ ಹತ್ತು ವಾಚು ಕುಂಟುತ್ತಿರಬಹುದು, ಬಿಟ್ಟು ಹೋಗಲೇ, ಬಿಟ್ಟು ಹೋಗಿ ಇದೇ ಆಗಿದ್ದರೆ.

ಅತ್ತೆಗೆ ಫೋನು ಮಾಡಿದೆ, ಬಾಗಿಲ ಪಕ್ಕ ಗೋಡೆ ಗಡಿಯಾರದ ಕೆಳಗೆ ನಿಂತು, ಅತ್ತೆ, ಒಂದು ವಾಚು ಸಿಕ್ಕಿದೆ, ಕೇಳಿಸ್ತೀನಿ, ಸ್ವಲ್ಪ ಇರು, ಅಂಗಡಿಯವರ ಕಡೆಗೆ ತಿರುಗಿದೆ, ವಾಚು ಇನ್ನೂ ಅವರ ಅಂಗೈಯಲ್ಲಿದೆ, ನಾನು ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ, ಆಗಲೇ ಫೋನಿನೊಳಗಿಂದ ಇದೇ ಕಣೋ. ಇದೇ. ಅಯ್ಯೋ ನನ್ನಪ್ಪ, ಇದೇ. ಅತ್ತೆ, ಇನ್ನೂ ಹಿಡಿದಿಲ್ಲ — ನಂಗೇ ಹೇಳಿಕೊಡಬೇಡ, ನಾನು ಕೇಳಿದ ವಾಚು ನಂಗೊತ್ತಿಲ್ವಾ, ತಗೊಂಡು ಬಾ, ದಾರೀಲಿ ಯಾರಿಗೂ ಕೊಡಬೇಡ ಮತ್ತೆ, ಮದುವೆ ಅಂದ್ರೂ ಕೊಡಬೇಡ. ಅಳುತ್ತಿದ್ದಾಳೆ, ನಗುತ್ತಲೂ ಇದ್ದಾಳೆ, ನನ್ನ ತಲೆಯ ಮೇಲೆ ಗೋಡೆ ಗಡಿಯಾರ ಎಲ್ಲೂ ಎಡವದೆ ಟಿಕ್ ಟಿಕ್ ಎನ್ನುತ್ತಿದೆ, ಅವಳು ಗುರುತು ಹಿಡಿದದ್ದು ಅದನ್ನು, ಎಡವದ ಸದ್ದನ್ನು, ಹಾಗಾದರೆ ಅಣ್ಣ ಹೇಳಿದ್ದೇ ಸರಿಯೇ, ಇಲ್ಲ ಅಳಬೇಕೆಂದು ಕಾದವಳಿಗೆ ಯಾವ ಸದ್ದಾದರೂ ಸಾಕಿತ್ತೇ, ನೆಟ್ಟಗೆ ಓಡುವ ವಾಚನ್ನು ಒಯ್ದರೆ ಅವಳು ಒಪ್ಪುತ್ತಾಳೆ, ಕುಂಟುವುದನ್ನು ಒಯ್ದರೆ ಇದಲ್ಲ ಅನ್ನುತ್ತಾಳೋ ಏನೋ, ಕುಂಟುವುದೇ ನಮ್ಮದಾಗಿದ್ದರೂ. ಏನ್ ಸಾರ್, ಬೇಕೋ ಬೇಡ್ವೋ, ಬಾಗಿಲು ಹಾಕೋ ಹೊತ್ತಾಯ್ತು. ಬೇಕು, ಎಂದಿತು ನನ್ನ ಬಾಯಿ, ಸರಿ ಮಾಡಿಯೇ ಕೊಡಿ. ಇನ್ನು ನೋಡಲು ಏನೂ ಉಳಿದಿಲ್ಲವೆಂಬಂತೆ ಬೆಂಚಿನವರು ಎದ್ದು, ಬಟ್ಟೆ ಕೊಡವಿಕೊಂಡು, ಸಿಕ್ಕಿತಲ್ಲ ಬಿಡಿ ಸ್ವಾಮಿ ಎಂದು ನನ್ನ ಭುಜ ತಟ್ಟಿ ಮನೆಗೆ ಹೊರಟರು, ಅಂಗಡಿಯವರು ಚಿಮುಟ ಎತ್ತಿಕೊಂಡರು, ಒಂದು ನಿಮಿಷ ತಾಳಿ, ಎಂದೆ, ಒಂದೇ ಒಂದು ಸುತ್ತು, ಅವರು ತಾಳಿದರು, ವಾಚನ್ನು ನನ್ನ ಕಡೆ ತಿರುಗಿಸಿ ಹಿಡಿದರು, ಮುಳ್ಳು ಐದು ದಾಟಿತು, ಆರು ದಾಟಿತು, ಈಗ ಅದು, ನಿಧಾನಕ್ಕೆ, ಕಾರ್ಖಾನೆ ಬಿಟ್ಟು ಮನೆಗೆ ಬರುವವನ ಹಾಗೆ, ಏಳರ ಬಳಿ ಬಂದು, ಕಾಲೆತ್ತಿ —